ಮಂಗಳವಾರದ ಕಸ

ಕಸದ ಗಾಡಿಯ ಹೆಣ್ಣುಮಗಳು ಇಂದು ಬೆಳಿಗ್ಗೆ ಬುಟ್ಟಿ ಬರಿದು ಮಾಡಿ ಕೊಟ್ಟಾಗ ನಾನು ಅದರೊಳಗೆ ಇಣುಕಿ ನೋಡಿದೆ. ಮೊಮ್ಮಗಳು ನಕ್ಕಳು. ಏನು ಹುಡುಕಿದೆನೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ.

ನಾನು ಕೊಪ್ಪಳಕ್ಕೆ ಸೊಸೆಯಾಗಿ ಬಂದಾಗ ನಿಜಾಮರ ಕಾಲ. ಮನೆಯ ಕಸ ಹಿತ್ತಲ ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆ ತುಂಬಿದರೆ ಓಣಿಗೆ ಬರುತ್ತಿತ್ತು. ಆ ವರ್ಷ ಸರ್ಕಾರ ನಮ್ಮ ಓಣಿಗೊಂದು ಕಸದ ಬಂಡಿ ಹೂಡಿತು. ಹೊಡೆಯುವವನು ಹಿಂದಿನ ಓಣಿಯ ಹುಸೇನಸಾಬ. ಕಸ ಕೊಡುವುದೇನು ಕಷ್ಟ ಎನ್ನುತ್ತೀರಿ. ಮಂಗಳವಾರ, ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡುವಂತಿರಲಿಲ್ಲ. ಕೊಟ್ಟರೆ ಅದರ ಹಿಂದೆಯೇ ಲಕ್ಷ್ಮಿಯೂ ಹೋಗುತ್ತಾಳೆ. ಶುಕ್ರವಾರ ಆಗ ಸರ್ಕಾರಕ್ಕೇ ರಜೆ. ಅಷ್ಟನ್ನು ದೇವರು ನಡೆಸಿಕೊಟ್ಟಿದ್ದ. ಉಳಿದದ್ದು ಮಂಗಳವಾರ. ಅಂದು ಬಂಡಿ ಬಂದ ಹಾಗೆಯೇ ಖಾಲಿ ಹೋಗುತ್ತಿತ್ತು.

ಒಮ್ಮೆ ತಹಶೀಲದಾರರ ಕಣ್ಣಿಗೆ ಅದು ಬಿತ್ತು. ಹುಸೇನಸಾಬ ನಮ್ಮ ಕಟ್ಟೆಯ ಕೆಳಗೆ ಬಂದು ನಿಂತ.

"ಅವ್ವಾರ, ಮುಂದಿನ ಮಂಗಳವಾರನೂ ಬಂಡಿ ಖಾಲಿ ಹೋದ್ರ ನನ್ನ ನೌಕರಿ ತಗೀತಾರಂತ್ರಿ."

"ಲಕ್ಷ್ಮಿ ಹೋದ್ರ ನಮ್ಮ ಗತಿ ಏನಪಾ?" ಎಂದರು ನಮ್ಮ ಅತ್ತೆ.

"ಕಸದಾಗೂ ಲಕ್ಷ್ಮಿ ಇರ್ತಾಳೇನ್ರಿ?"

"ನಮ್ಮ ಮನಿ ಕಸದಾಗ ಇರ್ತಾಳ."

ಹೊಸ ಸೊಸೆ ಬಾಯಿ ತೆರೆಯಬಾರದು. ನಾನು ತೆರೆದೆ. ಪಕ್ಕದ ಮನೆಯ ಬಟ್ಟಲನ್ನು ನಾವು ಬರಿದಾಗಿ ಹಿಂದಿರುಗಿಸುವುದಿಲ್ಲವಲ್ಲ, ಹಾಗೆಯೇ ಬುಟ್ಟಿಯೂ ಏನಾದರೂ ಹೊತ್ತು ಒಳಗೆ ಬಂದರೆ ಲಕ್ಷ್ಮಿ ಯಾಕೆ ಹೋದಾಳು ಎಂದು ಬಾಗಿಲ ಮರೆಯಿಂದ ಹೇಳಿದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಒಪ್ಪಿದರು. ಅವರು ಒಪ್ಪಿದರೆ ಓಣಿಯೇ ಒಪ್ಪಿದ ಹಾಗೆ.

ಮುಂದಿನ ಮಂಗಳವಾರ ಹುಸೇನಸಾಬ ಒಂದು ಹೊರೆ ಬೇವಿನ ತಪ್ಪಲು ತಂದ. ಕಸ ಸುರಿದುಕೊಂಡು ಪ್ರತಿ ಬುಟ್ಟಿಗೂ ಒಂದೊಂದು ಎಸಳು ಹಾಕಿ ಕೊಟ್ಟ. ಆಚೆ ಮನೆಗೆ ದೊಡ್ಡ ಎಸಳು ಹೋಯಿತೆಂದು ಇಬ್ಬರು ಜಗಳಕ್ಕೆ ನಿಂತರು. ಎಸಳಿನ ಆಸೆಗೆ ಒಡೆದ ಗಡಿಗೆ, ಹರಿದ ಮೊರ ಎಲ್ಲ ಹೊರಬಿದ್ದವು. ಅತ್ತೆಯಂತೂ ತಮ್ಮ ಮದುವೆಯ ಕಾಲದ ಹಾಸಿಗೆ ಕೊಟ್ಟು ನಾಲ್ಕು ಎಸಳು ವಸೂಲು ಮಾಡಿದರು. ತಹಶೀಲದಾರರು ಬರುವ ಹೊತ್ತಿಗೆ ಎತ್ತುಗಳಿಗೆ ಬಂಡಿ ಎಳೆಯಲಾಗದೆ ಓಣಿಯವರೇ ಹಿಂದಿನಿಂದ ನೂಕುತ್ತಿದ್ದರು.

ನೌಕರಿ ಉಳಿಯಿತೆಂದು ಹೇಳಲು ಹುಸೇನಸಾಬ ಸಂಜೆ ಬಂದ. ಬೆಳಗಿನಿಂದ ಉಂಡಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಅತ್ತೆ ಎರಡು ರೊಟ್ಟಿ ಹಿಡಿದು ಹೊಸ್ತಿಲು ದಾಟಿದರು. ನಾನು ಹಿಂದೆಯೇ ಓಡಿದೆ.

"ಅತ್ತೀ, ಇವತ್ತು ಮಂಗಳವಾರ ಐತ್ರಿ."

"ಲಕ್ಷ್ಮಿಗೆ ನಾ ಹೇಳ್ಕೋತೀನಿ. ನೀ ಪಲ್ಯಾ ತಗೊಂಡ್ ಬಾ."

ಇಂದು ಬೆಳಿಗ್ಗೆ ಬೇವಿನ ಎಸಳಿಲ್ಲದ ಬುಟ್ಟಿ ಹಿಡಿದು ಇದನ್ನೆಲ್ಲ ನೆನೆಯುತ್ತ ನಿಂತಾಗ ಗಾಡಿ ಇನ್ನೂ ಓಣಿಯ ತುದಿಯಲ್ಲೇ ಇತ್ತು. ಎರಡು ವರ್ಷದಿಂದ ಬರುವ ಆ ಹೆಣ್ಣುಮಗಳ ಹೆಸರೇ ನನಗೆ ಗೊತ್ತಿರಲಿಲ್ಲ. ಹೋಗಿ ಕೇಳಿದೆ. ಯಲ್ಲಮ್ಮ ಅಂತೆ. ಚಹಾ ಕುಡಿದು ಹೋಗು ಎಂದೆ. ಸಕ್ಕರೆ ಸ್ವಲ್ಪ ಜಾಸ್ತಿ ಇರಲಿ ಎಂದಳು.