ಗುಂಡನ ಪಾಲು

ಸುಗಂಧಿಗೆ ತಾಯಿ ತೀರಿಕೊಂಡಾಗ ಒಂಬತ್ತು ವರ್ಷ. ಆ ವರ್ಷವೆಲ್ಲ ಅವಳಿಗೆ ಜಡೆ ಹಾಕಿದವರು, ಕೋಲಾರದ ಕ್ರೈಸ್ತ ಸಭೆಯಲ್ಲಿ ಸಂಡೇ ಸ್ಕೂಲ್ ನಡೆಸುತ್ತಿದ್ದ ಗ್ರೇಸಮ್ಮ ಟೀಚರ್. ಮುಂದೆ ಅವಳ ಮದುವೆಯ ದಿನ ತಾಯಿಯ ಜಾಗದಲ್ಲಿ ನಿಂತವರೂ ಅವರೇ. ಗಂಡ ಜಯಕರನ ಜೊತೆ ಸಿಂಗಪುರಕ್ಕೆ ಬಂದ ಮೇಲೂ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಸುಗಂಧಿ ಮೊದಲು ಫೋನ್ ಮಾಡುತ್ತಿದ್ದದ್ದು ಅವರಿಗೆ. ತಂದೆಗೆ ಆಮೇಲೆ.

ಜಯಕರ ಸೆಂಬವಾಂಗ್‌ನ ಹಡಗು ಕಟ್ಟುವ ಯಾರ್ಡಿನಲ್ಲಿ ಎಂಜಿನಿಯರ್. ಸುಗಂಧಿ ಆಂಗ್ ಮೋ ಕಿಯೋದ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ, ಕಣ್ಣಷ್ಟೇ ಕಾಣುವ ಬಿಳಿ ಉಡುಪು ತೊಟ್ಟು ದಿನವಿಡೀ ನಿಲ್ಲುವ ಸೂಪರ್‌ವೈಸರ್. ಆಗ ಊರಿಗೆ ಊರೇ ದುಡಿಮೆಯ ಅಮಲಿನಲ್ಲಿತ್ತು. ಸಮುದ್ರದಲ್ಲಿ ಎಣ್ಣೆ ಕೊರೆಯುವ ರಿಗ್‌ಗಳಿಗೆ ಆರ್ಡರಿನ ಮೇಲೆ ಆರ್ಡರ್ ಬರುತ್ತಿತ್ತು. ಜಯಕರ ಮನೆಗೆ ಬರುತ್ತಿದ್ದದ್ದು ಮಲಗುವುದಕ್ಕೆ ಮಾತ್ರ. ಬೇಕಾದದ್ದೆಲ್ಲ ಇತ್ತು, ಮಗುವೊಂದನ್ನು ಬಿಟ್ಟು. ಎರಡು ಬಾರಿ ಗರ್ಭ ಇಳಿದುಹೋದ ಮೇಲೆ ಸುಗಂಧಿಯೇ ಸಾಕು ಎಂದಳು.

ನಿವೃತ್ತಿಯಾದ ಮೇಲೆ ಗ್ರೇಸಮ್ಮ ಟೀಚರ್ ಕೋಲಾರದಾಚೆ ಒಂದು ಮಕ್ಕಳ ಮನೆಯ ಮೇಲ್ವಿಚಾರಣೆಗೆ ನಿಂತಿದ್ದರು. ಅವರೇ ಒಂದು ಭಾನುವಾರ ಫೋನಿನಲ್ಲಿ ಹೇಳಿದರು: "ಇಲ್ಲೊಂದು ಹುಡುಗಿ ಇದಾಳೆ ಸುಗಂಧಿ. ನಾಲ್ಕು ವರ್ಷ. ಅಪ್ಪ ಅಮ್ಮ ಇಬ್ರೂ ಹೋಗಿದಾರೆ, ಹಿಂದೆ ಮುಂದೆ ಯಾರೂ ಇಲ್ಲ. ನಿನ್ನ ನೆನಪೇ ಬರುತ್ತೆ ಕಣೇ ಅವಳನ್ನ ನೋಡಿದ್ರೆ."

ಆ ಮಾತು ಸಾಕಾಯಿತು. ಬೇರೆ ಮಕ್ಕಳನ್ನು ನೋಡುವ ಪ್ರಶ್ನೆಯೇ ಬರಲಿಲ್ಲ. ಸಿಂಗಪುರದ ಮನೆಗೆ ಅಧಿಕಾರಿಗಳು ಬಂದು ವಿಚಾರಿಸಿದರು. ಫ್ಲ್ಯಾಟಿನ ಕೋಣೆಗಳನ್ನೂ ಗಂಡ ಹೆಂಡಿರ ಮನಸ್ಸುಗಳನ್ನೂ ತೆರೆಸಿ ನೋಡಿದರು. ಆಗ ಕ್ರೈಸ್ತರಿಗೆ ದತ್ತು ಕಾನೂನು ಅನ್ವಯಿಸುತ್ತಿರಲಿಲ್ಲವಾದ್ದರಿಂದ ಊರಿನ ಕೋರ್ಟಿನಲ್ಲಿ ಅವರಿಗೆ ಸಿಕ್ಕಿದ್ದು ಮಗುವಿನ ಪೋಷಕರು ಎಂಬ ಆದೇಶ ಮಾತ್ರ. ಮಗಳು ಎನ್ನುವ ಆದೇಶಕ್ಕೆ ಸಿಂಗಪುರದ ಕೋರ್ಟಿನವರೆಗೆ ಕಾಯಬೇಕಾಯಿತು. ಎರಡು ಸಾವಿರದ ಐದರಲ್ಲಿ ನೀಲಾ ಅವರ ಮನೆಗೆ ಬಂದಳು.

ತೆಳ್ಳನೆಯ, ಕಪ್ಪು ಕಣ್ಣಿನ, ಹೇಳಿದ್ದನ್ನೆಲ್ಲ ಮಾಡುವ ಹುಡುಗಿ. ವಿಚಿತ್ರ ಎನಿಸಿದ್ದು ಒಂದೇ. ಏನು ತಿನ್ನಲು ಕೊಟ್ಟರೂ ಅರ್ಧ ಮುರಿದು ತಟ್ಟೆಯ ಅಂಚಿಗಿಡುತ್ತಿದ್ದಳು. ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ರೋಟಿ ಪರಾಟ ಕೊಡಿಸಿದರೂ ಅಷ್ಟೇ, ಮನೆಯಲ್ಲಿ ಚಪಾತಿಯಾದರೂ ಅಷ್ಟೇ.

"ಯಾರಿಗೆ ಪುಟ್ಟಿ ಅದು?" ಎಂದರೆ, "ಗುಂಡಂಗೆ" ಎನ್ನುವಳು.

ಅಲ್ಲಿ ಬಿಟ್ಟು ಬಂದ ಬೊಂಬೆಯಿರಬೇಕು ಎಂದುಕೊಂಡರು. ಟೀಚರನ್ನು ಕೇಳಿದಾಗ ಅವರೂ ನಕ್ಕು, "ಹೂಂ, ಏನೋ ಒಂದಿತ್ತು, ಮಕ್ಕಳ ಆಟ" ಎಂದರು. ಜಯಕರ ಆರ್ಚರ್ಡ್ ರಸ್ತೆಗೆ ಹೋಗಿ ಕೆನ್ನೆಯುಬ್ಬಿದ ಬೊಂಬೆಯೊಂದನ್ನು ತಂದು, "ತಗೋ, ಗುಂಡ ಬಂದ!" ಎಂದು ಮಗಳ ತೊಡೆಯ ಮೇಲಿಟ್ಟ. ನೀಲಾ ಅದನ್ನು ತಿರುಗಿಸಿ ನೋಡಿ, "ಇದು ಗುಂಡ ಅಲ್ಲ" ಎಂದು ಕೆಳಗಿಟ್ಟಳು. ಅತ್ತು ರಂಪ ಮಾಡಲಿಲ್ಲ. ಅಂದಿನಿಂದ ಆ ಹೆಸರನ್ನು ಹೇಳುವುದೇ ಕಡಿಮೆಯಾಯಿತು. ಹೊಸ ಮನೆಗೆ ಹೊಂದಿಕೊಂಡಳು ಎಂದು ಗಂಡ ಹೆಂಡತಿ ಸಮಾಧಾನಪಟ್ಟರು.

ಎರಡು ವರ್ಷ ಕಳೆಯಿತು. ಅದೇ ಬ್ಲಾಕಿನಲ್ಲಿದ್ದ ಮೈಸೂರಿನ ಸೀತಾ ತನ್ನ ಮಗ ವೇದಾಂತ್‌ನನ್ನು ಎತ್ತಿಕೊಂಡು ಆಗಾಗ ಬರುತ್ತಿದ್ದಳು. ಹಾಗೆ ಬಂದಿದ್ದ ಒಂದು ಶನಿವಾರ, ಇನ್ನೂ ವರ್ಷ ತುಂಬದ ಆ ಕೂಸು ಅಳಲು ಶುರುಮಾಡಿತು. ಆರು ವರ್ಷದ ನೀಲಾ ಎದ್ದು ಬಂದು ಅವನನ್ನು ಸೊಂಟಕ್ಕೆ ಏರಿಸಿಕೊಂಡಳು. ಎತ್ತಿಕೊಂಡ ರೀತಿಯಲ್ಲಿ ಆಟವಿರಲಿಲ್ಲ. ಸೊಂಟವನ್ನು ಒಂದು ಕಡೆಗೆ ವಾಲಿಸಿ, ಫ್ರಾಕಿನ ಅಂಚಿನಿಂದ ಮೂಗು ಒರೆಸಿ, ಬೆರಳನ್ನು ಅವನ ಬಾಯಿಗಿಟ್ಟು ಒಸಡು ಒತ್ತಿದಳು. ಮಗು ಸುಮ್ಮನಾಯಿತು.

"ಅಬ್ಬಾ, ಎಷ್ಟು ಚೆನ್ನಾಗಿ ಹ್ಯಾಂಡಲ್ ಮಾಡ್ತೀಯೇ! ಯಾರು ಹೇಳ್ಕೊಟ್ರು ನಿಂಗೆ?" ಎಂದಳು ಸೀತಾ.

"ಗುಂಡಾನೂ ಹಿಂಗೇ ಕಚ್ತಿದ್ದ ಆಂಟಿ."

"ಗುಂಡ ಯಾರು?"

"ನನ್ ತಮ್ಮ."

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸುಗಂಧಿ ಬಾಗಿಲಿಗೆ ಬಂದು ನಿಂತಳು. ನೀಲಾ ಅವಳನ್ನು ನೋಡಲಿಲ್ಲ.

"ಎಲ್ಲಿದಾನೆ ಅವನು?" ಸೀತಾಳ ದನಿ ಇಳಿದಿತ್ತು.

"ಅಲ್ಲೇ. ಮಮ್ಮಿ ನನ್ನ ಮಾತ್ರ ಕರ್ಕೊಂಡ್ ಬಂದ್ರು. ಮಮ್ಮಿಗೆ ಅವನು ಬೇಡ ಲಾ."

ಸಿಂಗಪುರದ ಮಕ್ಕಳಂತೆ ಕೊನೆಗೊಂದು 'ಲಾ' ಸೇರಿಸಿದ್ದಳು, ದೂರಿನ ದನಿಯಲ್ಲಿ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವ ಸಂಗತಿಯೆಂಬಂತೆ ಹೇಳಿ, ಕೂಸಿನ ಬೆನ್ನು ತಟ್ಟುತ್ತ ಕಿಟಕಿಯ ಕಡೆಗೆ ಹೋದಳು.

ಆ ಸಂಜೆಯೇ ಸುಗಂಧಿ ಫೋನ್ ಮಾಡಿದಳು. ನೀಲಾ ಹೇಳಿದ್ದನ್ನು ಕೇಳಿ ಟೀಚರ್, "ಮಕ್ಕಳು ಏನೇನೋ ಹೇಳ್ತವೆ. ಜೊತೇಲಿದ್ದ ಮಕ್ಕಳನ್ನೆಲ್ಲ ತಮ್ಮ ತಂಗಿ ಅಂತವೆ. ಪ್ರಾರ್ಥನೆ ಮಾಡು, ಮನಸ್ಸು ತಿಳಿಯಾಗುತ್ತೆ" ಎಂದರು. ಪ್ರಾರ್ಥಿಸಲು ಮಂಡಿಯೂರಿದರೆ ಸುಗಂಧಿಯ ಬಾಯಲ್ಲಿ ಮಾತು ಹುಟ್ಟಲಿಲ್ಲ. ಟೀಚರರ ದನಿಯನ್ನು ಅವಳು ಒಂಬತ್ತನೆಯ ವರ್ಷದಿಂದ ಕೇಳುತ್ತ ಬಂದವಳು. ಅದು ಸುಳ್ಳು ಹೇಳುವುದನ್ನು ಇದೇ ಮೊದಲು ಕೇಳಿದ್ದಳು. ಊರಿಗೆ ಹೋಗಿ ಎದುರಲ್ಲೇ ಕೇಳುತ್ತೇನೆ ಎಂದು ಗಂಡನಿಗೆ ಹೇಳಿದಳು.

"ನಾನೂ ಬರ್ತೀನಿ, ರಜೆ ಹಾಕ್ತೀನಿ" ಎಂದ ಜಯಕರ.

"ಬೇಡ ರೀ. ನೀವು ಮಗು ಜೊತೆ ಇರಿ. ನೀವು ಬಂದ್ರೆ ಅವರು ನಿಮ್ಮ ಮುಂದೆ ಮರ್ಯಾದೆಗೆ ಏನಾದ್ರೂ ಹೇಳಿಬಿಡ್ತಾರೆ. ನನ್ನೊಬ್ಬಳ ಮುಂದೆ ಆಗಲ್ಲ."

ಬೆಂಗಳೂರಿನಲ್ಲಿ ವಿಮಾನ ಇಳಿದು, ಕಾರು ಮಾಡಿಕೊಂಡು ನೇರ ಮಕ್ಕಳ ಮನೆಗೇ ಹೋದಳು. ಟೀಚರ್ ಅಂಗಳದಲ್ಲಿ ಮಕ್ಕಳ ತಲೆ ನೋಡುತ್ತ ಕೂತಿದ್ದರು. ಸುಗಂಧಿಯನ್ನು ಕಂಡು ಬಾಚಣಿಗೆ ಕೆಳಗಿಟ್ಟು, ಒಳಗೆ ಕರೆದುಕೊಂಡು ಹೋಗಿ, ಮೊದಲು ನೀರು ಕೊಟ್ಟರು. ಸುಗಂಧಿ ಲೋಟ ಮುಟ್ಟಲಿಲ್ಲ.

"ಟೀಚರ್, ನೀಲಾಗೆ ತಮ್ಮ ಇದ್ನಾ?"

ಅವರು ಹೋಗಿ ಅಂಗಳದ ಬಾಗಿಲು ಮುಚ್ಚಿ ಬಂದರು. "ಇದ್ದ" ಎಂದರು ಕೊನೆಗೆ. "ಎರಡು ವರ್ಷ ತುಂಬಿರಲಿಲ್ಲ. ಡೆನ್ಮಾರ್ಕಿನವರು ತಗೊಂಡು ಹೋದರು. ನೀನು ನೀಲಾನ ಕರ್ಕೊಂಡು ಹೋದ ಒಂದು ತಿಂಗಳಿಗೆ."

"ಒಂದು ತಿಂಗಳಿಗಾ? ಅಂದ್ರೆ ನಾವು ಬಂದಾಗ..."

"ಹಿಂದಿನ ಕೋಣೇಲಿ ಇದ್ದ. ನೀವು ಹೋಗೋವರೆಗೂ ಹೊರಗೆ ತರಬೇಡಿ ಅಂತ ನಾನೇ ಹೇಳಿದ್ದೆ."

ಟೀಚರ್ ಕೈ ಹಿಡಿಯಲು ಬಂದಾಗ ಸುಗಂಧಿ ಹಿಂದೆಳೆದುಕೊಂಡಳು.

"ಕೇಳು ಇಲ್ಲಿ. ಅವನು ಡೆನ್ಮಾರ್ಕಿನವರಿಗೆ ಅಂತ ಮೊದಲೇ ನಿಶ್ಚಯವಾಗಿತ್ತು. ಅವರಿಗೆ ಎರಡರೊಳಗಿನ ಗಂಡುಮಗುವೇ ಬೇಕು, ಒಂದೇ ಸಾಕು ಅಂದಿದ್ರು. ಅಕ್ಕ ತಮ್ಮ ಅಂತ ಬರೆಸಿದ್ರೆ ಬೇರೆ ಮಾಡೋಕೆ ಕೋರ್ಟು ಬಿಡಲ್ಲ. ಜೋಡಿ ಮಕ್ಕಳನ್ನ ಯಾರೂ ಕೇಳಲ್ಲ ಸುಗಂಧಿ. ಇಲ್ಲೇ ಬೆಳೆದು ದೊಡ್ಡವರಾಗಿ ಗೇಟು ದಾಟಿ ಹೋದವರನ್ನ ನಾನು ನೋಡಿದೀನಿ. ಎಲ್ಲಿಗೆ ಹೋದ್ರು ಅಂತಾನೂ ಗೊತ್ತಿಲ್ಲ. ಇಬ್ರಿಗೂ ಮನೆ ಸಿಗ್ತಿತ್ತು. ಸಿಕ್ಕಿತು."

"ನನ್ನನ್ನ ಕೇಳಬಹುದಿತ್ತು."

"ಕೇಳಿದ್ರೆ ನೀನು ಅವನನ್ನ ಬಿಡ್ತಿರಲಿಲ್ಲ."

"ಹೌದು, ಬಿಡ್ತಿರಲಿಲ್ಲ!"

"ಅದು ನಂಗೆ ಗೊತ್ತಿತ್ತು" ಎಂದರು ಟೀಚರ್. "ಹಟ ಹಿಡೀತಿದ್ದೆ. ಅವರಿಗೆ ಕೊಟ್ಟ ಮಾತು ಹೋಗ್ತಿತ್ತು, ನಿನ್ನ ಅರ್ಜಿ ಮತ್ತೆ ಮೊದಲಿಂದ ಶುರುವಾಗ್ತಿತ್ತು. ಅಷ್ಟರಲ್ಲಿ ಯಾವುದೂ ಆಗದೆ ಹೋದ್ರೆ? ದೇವರ ಚಿತ್ತ ಅಂತ ಮಾಡಿದೆ."

ಸುಗಂಧಿ ಊರಿನಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಯಾರೋ ಗೊತ್ತಿಲ್ಲದ ದಲ್ಲಾಳಿ ಮೋಸ ಮಾಡಿದ್ದರೆ ಬೈದು, ಪೊಲೀಸರ ಹತ್ತಿರ ಹೋಗಿ, ಹಗುರಾಗಬಹುದಿತ್ತು. ಇದು ಹಾಗಲ್ಲ. ತನ್ನನ್ನು ಬಲ್ಲವರು, ಬಲ್ಲದ್ದರಿಂದಲೇ ಮುಚ್ಚಿಟ್ಟಿದ್ದರು. ತನ್ನ ಒಳ್ಳೆಯತನವನ್ನೇ ಲೆಕ್ಕಕ್ಕೆ ಹಿಡಿದು ಬಾಗಿಲು ಹಾಕಿದ್ದರು. ವಿಮಾನದಲ್ಲಿ ಅವಳು ಊಟದ ಟ್ರೇಯನ್ನು ಮುಟ್ಟದೆ ಹಿಂದಿರುಗಿಸಿದಳು.

ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಜಯಕರ, ಸುಗಂಧಿ ಇಬ್ಬರೂ ಅವಳ ಎದುರು ನೆಲದ ಮೇಲೆ ಕೂತರು.

"ಪುಟ್ಟಿ, ಗುಂಡನ್ನ ನಾವು ಬಿಟ್ಟು ಬರಲಿಲ್ಲ. ನಿಂಗೆ ತಮ್ಮ ಇದಾನೆ ಅಂತ ನಮಗೆ ಗೊತ್ತೇ ಇರಲಿಲ್ಲ. ಯಾರೂ ಹೇಳಲಿಲ್ಲ."

ನೀಲಾ ಇಬ್ಬರನ್ನೂ ಬದಲಿಸಿ ಬದಲಿಸಿ ನೋಡಿದಳು.

"ನಾನು ಹೇಳಿದ್ನಲ್ಲ" ಎಂದಳು.

ಜಯಕರ ಎದ್ದು ಬಾಲ್ಕನಿಗೆ ಹೋಗಿಬಿಟ್ಟ. ಸುಗಂಧಿ ಕೂತಲ್ಲೇ ಕೂತಿದ್ದಳು. ಹೌದು, ಮಗು ಹೇಳಿತ್ತು. ಪ್ರತಿ ಊಟದಲ್ಲೂ ಹೇಳಿತ್ತು. ಉತ್ತರವಾಗಿ ಅವರು ಅಂಗಡಿಯಿಂದ ಬೊಂಬೆ ತಂದಿದ್ದರು.

ಮುಂದಿನ ವರ್ಷವೆಲ್ಲ ಸುಗಂಧಿ ಹುಡುಕಾಟದಲ್ಲೇ ಇದ್ದಳು. ಕಾರ್ಖಾನೆಯಲ್ಲಿ ದೊರೆತ ಬಡ್ತಿಯನ್ನು ಬೇಡವೆಂದು, ಅರ್ಧ ದಿನದ ಕೆಲಸಕ್ಕೆ ಇಳಿದಳು. ಡೆನ್ಮಾರ್ಕಿನ ದತ್ತು ಸಂಸ್ಥೆಗೆ ಬರೆದಳು, ಫೋನ್ ಮಾಡಿದಳು, ಮತ್ತೆ ಬರೆದಳು. ಮೊದಲು ಯಾರೂ ಮಾತೇ ಆಡಲಿಲ್ಲ. ಕೊನೆಗೆ ಹುಡುಗನ ದತ್ತುತಾಯಿಯೇ ಒಂದು ದಿನ ಫೋನ್ ಮಾಡಿದಳು. ಅವನಿಗೆ ಅಕ್ಕನೊಬ್ಬಳಿದ್ದಾಳೆಂದು ಅವಳಿಗೂ ಯಾರೂ ತಿಳಿಸಿರಲಿಲ್ಲ. ಒಬ್ಬರ ಇಂಗ್ಲಿಷು ಒಬ್ಬರಿಗೆ ಅರೆಬರೆ ತಿಳಿಯುತ್ತ, ಎರಡು ತುದಿಗಳಲ್ಲಿ ಇಬ್ಬರೂ ಅತ್ತರು. ಆದರೂ ಹುಡುಗ ಈಗಷ್ಟೇ ನೆಲೆ ಕಂಡಿದ್ದಾನೆ, ದೊಡ್ಡವನಾಗುವ ತನಕ ಭೇಟಿ ಬೇಡ, ಫೋಟೋ ಮಾತ್ರ ಕಳಿಸುತ್ತೇನೆ ಎಂದಳು. ಸುಗಂಧಿ ಬಲವಂತ ಮಾಡಲಿಲ್ಲ. ಆ ತಾಯಿಯ ಭಯ ಅವಳಿಗೆ ಅರ್ಥವಾಗಿತ್ತು.

ಮೊದಲ ಫೋಟೋದಲ್ಲಿ ಚಳಿಗಾಲದ ಉಣ್ಣೆ ಟೋಪಿ ಹಾಕಿಕೊಂಡ ಹುಡುಗ ಸೈಕಲ್ ಹಿಡಿದು ನಿಂತಿದ್ದ. ನೀಲಾ ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು. "ದಪ್ಪ ಇಲ್ಲ ಈಗ" ಎಂದಳು. ಆಮೇಲೆ, "ಅವನಿಗೆ ಕನ್ನಡ ಬರುತ್ತಾ?" ಎಂದು ಕೇಳಿದಳು.

"ಇಲ್ಲ ಪುಟ್ಟಿ."

"ಇಂಗ್ಲಿಷ್?"

"ಮುಂದೆ ಶಾಲೇಲಿ ಕಲೀತಾನಂತೆ."

ಎರಡು ಸಾವಿರದ ಎಂಟರ ಮಧ್ಯದಲ್ಲಿ ಗ್ರೇಸಮ್ಮ ಟೀಚರ್ ಸಿಂಗಪುರಕ್ಕೆ ಬಂದರು. ಮಕ್ಕಳ ಮನೆಯ ಸೇವೆಯ ಬಗ್ಗೆ ಇಲ್ಲಿನ ಸಭೆಗಳಲ್ಲಿ ಮಾತನಾಡಲು ಯಾರೋ ಕರೆಸಿದ್ದರು. ಸಭೆಯ ಪಾದ್ರಿ ಅಯ್ಯನವರು ಸುಗಂಧಿಗೆ ಫೋನ್ ಮಾಡಿ, "ನೀವು ಮಗಳ ಜೊತೆ ಬಂದು ಸಾಕ್ಷಿ ಹೇಳಬೇಕಮ್ಮ. ನಿಮ್ಮ ಕುಟುಂಬಕ್ಕಿಂತ ಒಳ್ಳೆ ಉದಾಹರಣೆ ಯಾರಿದಾರೆ?" ಎಂದರು.

"ಸಾಕ್ಷಿ ಹೇಳೋಕೆ ನಿಂತ್ರೆ ನಿಜ ಹೇಳಬೇಕಾಗುತ್ತೆ ಅಯ್ಯನವರೇ. ಬೇಡ, ಬಿಟ್ಟುಬಿಡಿ" ಎಂದಳು ಸುಗಂಧಿ. ಅವರು ಯಾಕೆಂದು ಕೇಳಿದಾಗ ಎಲ್ಲವನ್ನೂ ಹೇಳಿದಳು. ಅಯ್ಯನವರು ಕೊನೆಯವರೆಗೂ ಕೇಳಿಸಿಕೊಂಡರು. ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ.

ಎರಡು ದಿನದ ಮೇಲೆ ಟೀಚರೇ ಫೋನ್ ಮಾಡಿದರು. ದನಿ ಮುದಿಯಾಗಿತ್ತು. "ಸುಗಂಧಿ, ಬುಕಿತ್ ಬಾಟೋಕಿನಲ್ಲಿ ಇಳ್ಕೊಂಡಿದೀನಿ. ನಾಳಿದ್ದು ಹೊರಡ್ತೀನಿ. ನಿನ್ನ ಕ್ಷಮೆ ಕೇಳೋ ಯೋಗ್ಯತೆ ಇಲ್ಲ. ಮಗುನ ಒಂದೇ ಒಂದು ಸಲ ನೋಡಬೇಕು ಕಣೇ."

ತಾನೊಬ್ಬಳೇ ಉತ್ತರಿಸುವುದು ಸುಗಂಧಿಗೆ ಸರಿಯೆನಿಸಲಿಲ್ಲ. ಫೋನ್ ಹಿಡಿದುಕೊಂಡೇ ಹೋಮ್‌ವರ್ಕ್ ಮಾಡುತ್ತಿದ್ದ ಮಗಳ ಹತ್ತಿರ ಹೋಗಿ, ಗ್ರೇಸಮ್ಮ ಅಜ್ಜಿ ಬಂದಿದಾರೆ, ನಿನ್ನ ನೋಡಬೇಕಂತೆ ಎಂದಳು.

ನೀಲಾ ತಲೆಯೆತ್ತಿದಳು. "ಗುಂಡನ್ನ ಕರ್ಕೊಂಡ್ ಬಂದಿದಾರಾ?"

"ಇಲ್ಲ."

"ಹಾಗಾದ್ರೆ ಬೇಡ" ಎಂದು ಅವಳು ಮತ್ತೆ ಬರೆಯತೊಡಗಿದಳು.

ಆ ಮಾತು ಫೋನಿನಾಚೆಗೂ ಕೇಳಿಸಿರಬೇಕು. ಸುಗಂಧಿ, "ಹುಷಾರಾಗಿ ಹೋಗಿಬನ್ನಿ ಟೀಚರ್" ಎಂದು ಫೋನ್ ಇಟ್ಟಳು. ಅದಾದ ಮೇಲೂ ಭಾನುವಾರಗಳಲ್ಲಿ ಆರಾಧನೆ ಮುಗಿಸಿ ಬಂದು ಅವಳು ತಂದೆಗೆ ಮಾತ್ರ ಫೋನ್ ಮಾಡುತ್ತಿದ್ದಳು.