ಗುರುಲಿಂಗಕ್ಕ ಸಾರಿಸಿದ ಜುಬಿಲಿ ಮಾಫಿ

ನಾನು ಸೊಸೆಯಾಗಿ ಸೇಡಂಗೆ ಬಂದ ದಿನವೇ ನೆರೆಮನೆಯ ಗುರುಲಿಂಗಕ್ಕ ನೋಡಲು ಬಂದಳು. ನನ್ನ ಮುಖಕ್ಕಿಂತ ಮೊದಲು ತವರಿನವರು ಕಟ್ಟಿಕೊಟ್ಟ ಬುತ್ತಿ ನೋಡಿದಳು. ಒಂದು ಶೇಂಗಾ ಹೋಳಿಗೆ ತಿಂದು, "ಬೆಲ್ಲ ಕಮ್ಮಿ ಬಿದ್ದದ, ಆದ್ರೂ ನಿಮ್ಮವ್ವನ ಕೈ ಛಲೋ ಅದ," ಎಂದಳು. ಆಮೇಲೆ ಪಕ್ಕದಲ್ಲಿ ಕುಳಿತು, ತಾನು ಯಾರ ಯಾರ ಜೊತೆ ಮಾತು ಬಿಟ್ಟಿದ್ದೇನೆಂದು ಹೇಳಿದಳು. ಅವರ ಜೊತೆ ನಾನೂ ಮಾತಾಡಬಾರದಂತೆ. ಕೊನೆಗೆ ದನಿ ಇಳಿಸಿ, "ಆಡಕ್ಯಾಗ ನಮ್ಮಣ್ಣ ಬಸವಂತರಾಯ ಅದಾನ. ಅವನ ಜೋಡಿನೂ," ಎಂದಳು. ಉಳಿದವರ ಹೆಸರಿಗೆ ಬರೀ ಸಿಟ್ಟಿತ್ತು. ಅಣ್ಣನ ಹೆಸರಿಗೆ ಸೆರಗು ಮೂಗಿಗೆ ಹೋಯಿತು.

ಸಂಗತಿ ಇಷ್ಟೇ. ಗುರುಲಿಂಗಕ್ಕನ ಮಗಳು ಅವಳ ಅಣ್ಣನ ಮಗನಿಗೆ ಎಂದು ಮೊದಲಿನಿಂದಲೂ ಮಾತಿತ್ತು. ಸೋದರಸಂಬಂಧ ನಮ್ಮಲ್ಲಿ ಕೇಳಿ ಪಡೆಯುವುದಲ್ಲ, ಹಕ್ಕು. ಆದರೆ ಆ ಹುಡುಗ ಉಣ್ಣುವುದು, ಮಲಗುವುದು ಬಿಟ್ಟರೆ ಬೇರೆ ಯಾವುದರಲ್ಲೂ ಗಟ್ಟಿಗನಲ್ಲ. ಅಕ್ಕ ಮಗಳನ್ನು ಚಿಮ್ಮನಚೋಡಕ್ಕೆ ಕೊಟ್ಟಳು. ಅಂದಿನಿಂದ ಪಂಚಮಿಗೆ ಅಣ್ಣ ಕರೆಯಲು ಬರಲಿಲ್ಲ. ಕರೆಯದ ತವರಿಗೆ ಹೆಣ್ಣುಮಗಳು ಹೋಗುವಂತಿಲ್ಲ. ಅಲ್ಲಿ ಅವರ ತಾಯಿ ನೀಲಾಬಾಯಿಗೆ ಕಣ್ಣು ಮಂಜಾಗುತ್ತಿತ್ತು. ಆ ಕಣ್ಣು ಪೂರಾ ಹೋಗುವ ಮೊದಲು ಒಮ್ಮೆ ಮುಖ ತೋರಿಸಬೇಕೆಂಬುದೇ ಅಕ್ಕನ ಆಸೆ. ದಸರೆಯಲ್ಲಿ ಊರೆಲ್ಲ ಬನ್ನಿ ಕೊಟ್ಟು ಸಿಟ್ಟು ಮರೆಯುವಾಗ, "ಈ ಸಲ ಅವನೇ ಬರ್ಲಿ," ಎನ್ನುತ್ತಿದ್ದಳು. ಅವನೂ ಆಡಕಿಯಲ್ಲಿ ಅದನ್ನೇ ಎನ್ನುತ್ತಿದ್ದನಂತೆ. ಒಂದೇ ತಾಯಿಯ ಮಕ್ಕಳೆನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಹೀಗಿರುವಾಗ ನಿಜಾಮರ ಆಳ್ವಿಕೆಯ ಇಪ್ಪತ್ತೈದು ವರ್ಷದ ಜುಬಿಲಿ ಬಂತು. ಕಚೇರಿಗೆ ತೋರಣ, ಮಸೀದಿಯಲ್ಲಿ ದುವಾ, ಗುಡಿಯಲ್ಲಿ ಪೂಜೆ. ಹಾಲು ಒಯ್ಯಲು ಬಂದ ಶಾಲೆಯ ಅಬ್ದುಲ್ ಕರೀಮ್ ಮಾಸ್ತರರನ್ನು ಅಕ್ಕ ಹಿಡಿದು ನಿಲ್ಲಿಸಿದಳು.

"ಜುಬ್ಲಿ ಅಂದ್ರ ಏನ್ರಿ ಮಾಸ್ತರ?"

"ಹಳೇ ಕಾಲದಾಗ ಯಹೂದಿ ಮಂದಿ ಐವತ್ತು ವರ್ಷಕ್ಕೊಮ್ಮೆ ಕೊಂಬು ಊದಸ್ತಿದ್ರಂತವ್ವ. ಊದಿದ್ರ ಮುಗೀತು. ಗುಲಾಮ್ರಿಗಿ ಬಿಡುಗಡಿ, ಮಾರಿದ ಹೊಲ ವಾಪಸ್, ಎಲ್ಲಾರೂ ತಂತಮ್ಮ ಮನಿತನಕ್ಕ ಹೊಳ್ಳಿ ಹೋಗಬೇಕು. ಶಹಾಬಾದಿನ ಪಾದ್ರಿ ಹೇಳ್ಯಾರ."

"ತವರಿಗೂ?"

"ಮನಿತನ ಅಂದ್ಮ್ಯಾಲ ತವರೂ ಬಂತು."

"ಮತ್ತ ಇವರು ಇಪ್ಪತ್ತೈದಕ್ಕೇ ಮಾಡಾಕತ್ತಾರಲ್ಲ?"

"ರಾಜರಿಗಿ ಐವತ್ತರ ತನಕ ಕಾಯಾಕ ಪುರಸತ್ತೆಲ್ಲಿ ಅದ?"

"ನನಗೂ ಇಲ್ಲ," ಎಂದಳು ಅಕ್ಕ.

ಕೊಂಬು ಊದುವವರು ನಮ್ಮಲ್ಲಿರಲಿಲ್ಲ. ಹಲಗೆ ಬಡಿದು ಡಂಗುರ ಸಾರುವ ಮಶಾಕ ಇದ್ದ. ಅಕ್ಕ ಅವನನ್ನು ಆಡಕಿಗೆ ಅಟ್ಟಿದಳು.

"ಅಕ್ಕಾ, ಸುಮ್ಮ ಹೋಗಿ ಮಾತಾಡಿದ್ರ ಆಗ್ತಿತ್ತಲ್ಲ?" ಎಂದೆ.

"ಸುಮ್ಮ ಹೋದ್ರ ಸೋತು ಹೋದಂಗ, ತಂಗಿ. ಮಾಫ್ ಮಾಡಿ ಹೋದ್ರ ದೊಡ್ಡಾಕಿ ಹೋದಂಗ."

ಮಶಾಕ ಆಡಕಿಯ ಊರಬಾಗಿಲ ಅಗಸಿಯಲ್ಲಿ ನಿಂತು ಸಾರಿದ: "ಕೇಳ್ರಪ್ಪೋ ಕೇಳ್ರಿ! ಜುಬ್ಲಿ ನಿಮಿತ್ತ ಸೇಡಮ್ಮಿನ ಗುರುಲಿಂಗಮ್ಮನೋರು ತಮ್ಮಣ್ಣ ಬಸವಂತರಾಯರ ಎಲ್ಲಾ ತಪ್ಪೂ ಮಾಫ್ ಮಾಡ್ಯಾರ!"

ಊರು ನೆರೆಯಿತು. "ಅಂಥಾದ್ದೇನ್ ಮಾಡಿದ್ದ್ಯೋ ಬಸವಂತರಾಯಾ?" ಎಂದು ಕಟ್ಟೆಯವರೆಲ್ಲ ಕೇಳಿದರೆ ಅವನು ಏನು ಹೇಳಿಯಾನು? ಅದೇ ಮಶಾಕ ಸಂಜೆಗೆ ನಮ್ಮ ಓಣಿಯಲ್ಲಿ ಹಲಗೆ ಬಡಿದ: "ಬಸವಂತರಾಯರು ತಂಗಿಯ ತಪ್ಪು ಮಾಫ್ ಮಾಡ್ಯಾರ! ತಂಗಿ ಮಾಡಿದ ಮಾಫಿ ಮಾತ್ರ ಮಂಜೂರ ಇಲ್ಲ!"

ಅಕ್ಕ ರೊಟ್ಟಿ ಬಡಿಯುವ ಕೈಯಲ್ಲೇ ಹೊರಗೆ ಬಂದಳು. "ನಂದೇನ್ ತಪ್ಪಂತ ಮಾಫಿ? ಹೊಳ್ಳಿ ಹೋಗೋ ಮಶಾಕ!"

"ಹೋಗ್ತೀನ್ರೆವ್ವಾ, ಉಂಡು ಹೋಗ್ತೀನಿ. ಆಡಕ್ಯಾಗ ಹುಗ್ಗಿ ಹಾಕ್ಯಾರ, ನೀವೂ ನೋಡಿ ಹಾಕ್ರಿ."

ಆ ಜುಬಿಲಿಯಿಂದ ಊರಲ್ಲಿ ಯಾರಾದರೂ ಮೈತುಂಬಿಕೊಂಡಿದ್ದರೆ ಅವನೊಬ್ಬನೇ. ಇತ್ತ ಅಕ್ಕನಿಗೆ ಊಟ ಸೇರಲಿಲ್ಲ. "ಇದ್ದ ಒಂದು ಬಾಗಿಲಾನೂ ನಾನೇ ಹಾಕ್ಕೊಂಡೆ ಏನ?" ಎಂದಳು.

ಮರುದಿನ ಮಶಾಕ ಮತ್ತೆ ಬಂದ. "ಕೇಳ್ರಪ್ಪೋ! ಆಡಕಿ ನೀಲಾಬಾಯಿಯವರು ಇಬ್ಬರೂ ಮಕ್ಕಳನ್ನ ಮಾಫ್ ಮಾಡಿಲ್ಲ! ಬಸವಂತರಾಯ ಬಂಡಿ ಕಟ್ಟಬೇಕು, ಗುರುಲಿಂಗಮ್ಮ ಹತ್ತಬೇಕು, ಇಬ್ಬರೂ ತಾಯಿ ಮುಂದ ಹಾಜರ್ ಆಗಬೇಕು!"

ಅವನ ಹಿಂದೆಯೇ ಬಂಡಿ ಇತ್ತು. ಬಸವಂತರಾಯ ಇಳಿಯಲಿಲ್ಲ. ಎತ್ತುಗಳಿಗೆ ಹೇಳುವಂತೆ, "ಅವ್ವ ಹೇಳ್ಯಾಳಂತ ಬಂದೀನಿ," ಎಂದ. "ತಂಗಿ, ಅವ್ವ ಹೇಳ್ಯಾಳಂತ ನಾ ಹತ್ತಾಕತ್ತೀನಿ ಅಂತ ಅವನಿಗಿ ಹೇಳು," ಎಂದಳು ಅಕ್ಕ. ನನ್ನನ್ನೂ ಹತ್ತಿಸಿಕೊಂಡಳು. ಇವಳ ಮಾತು ಅವನಿಗೆ, ಅವನ ಮಾತು ಇವಳಿಗೆ ಮುಟ್ಟಿಸುತ್ತ ಆಡಕಿಯವರೆಗೂ ನಡುವೆ ಕುಳಿತೆ.

ನೀಲಾಬಾಯಿ ಮಗಳ ಮುಖವನ್ನು ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. ಕೆನ್ನೆ ಸವರಿ, "ಕಂಡ್ಯವ್ವ. ಇನ್ನೂ ಕಾಣ್ತದ," ಎಂದಳು. ಬಸವಂತರಾಯ ಎತ್ತು ಬಿಚ್ಚುವ ನೆಪದಲ್ಲಿ ಆಚೆ ತಿರುಗಿದ. ಮಾಫಿಯ ಮಾತು ಆ ದಿನ ಯಾರೂ ಎತ್ತಲಿಲ್ಲ.

ಮುಂದೆ ಪ್ರತಿ ಪಂಚಮಿಗೂ ಬಂಡಿ ಬಂತು. ಜಗಳವೂ ಬಂತು, ಮೊದಲು ಮಾಫ್ ಮಾಡಿದವರು ಯಾರೆಂದು. ಸಾವಿರದ ಒಂಬೈನೂರ ನಲವತ್ತೆಂಟರ ಪಂಚಮಿಗೆ ಅಕ್ಕ ಏಳಲಾರದೆ ಮಲಗಿದ್ದಳು. ಅಣ್ಣ ಅಂಗಳದಲ್ಲಿ ಕೆಮ್ಮಿದ್ದು ಕೇಳಿ ನನ್ನ ಕೈ ಹಿಡಿದಳು. ಅವಳು ನನ್ನನ್ನು ಕೇಳಿದ ಕೊನೆಯ ಮಾತು ಇದು: "ಬಂದ ನೋಡು. ನಾ ಹೋದ ಮ್ಯಾಲ ಮೊದಲ ಮಾಫ್ ಮಾಡಿದ್ದು ತಾನೇ ಅಂತ ಊರಿಗೆಲ್ಲ ಹೇಳ್ಕೋತ ಅಡ್ಡಾಡ್ತಾನ. ನೀ ಅವನಿಗಿ ಹೌದು ಅಂತಿಯೇನ, ತಂಗಿ?"