ಒಂದೇ ಉಸಿರಿನಲ್ಲಿ ಕೆಂಗೇರಿಯಿಂದ ಮಾರ್ಕೆಟ್ಟಿಗೆ

ಸಂಜೆ ಡ್ಯೂಟಿ ಮುಗಿಸಿ ಬಂದು ಚಪಾತಿ ತಿನ್ನುತ್ತಿದ್ದ ನಮ್ಮ ಯಜಮಾನರು ಮಧ್ಯೆ ನಿಲ್ಲಿಸಿದರು. ಎಡಗೈಯಿಂದ ಗದ್ದ ಹಿಡಿದುಕೊಂಡರು. ಬಾಯೊಳಗಿದ್ದ ತುತ್ತನ್ನು ಕೈಯಿಂದಲೇ ಗದ್ದ ಮೇಲೆ ಕೆಳಗೆ ಆಡಿಸಿ ಅಗಿದರು. ಚಪಾತಿ ಗಟ್ಟಿಯಾಯಿತೇನೋ ಎಂದುಕೊಂಡೆ.

"ಏನ್ರೀ?"

"ಏನಿಲ್ಲ ಕಣೇ. ಸುಸ್ತು."

"ನಂಗೂ ಸುಸ್ತೇ," ಎಂದೆ. ಇನ್ನೊಂದು ಚಪಾತಿ ಹಾಕಿದೆ.

ನಮ್ಮ ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಇವರು ಸಿಟಿ ಬಸ್ ಕಂಡಕ್ಟರ್. ಬಹಳ ವರ್ಷ ಒಂದೇ ರೂಟು, ಕೆಂಗೇರಿಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿಂದ ಕೆಂಗೇರಿಗೆ. ನಾನು ಮನೆಯಲ್ಲೇ ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಮಕ್ಕಳಿಲ್ಲ. ಆದ್ದರಿಂದ ಮನೆಯಲ್ಲಿ ಮಾತು ಕಡಿಮೆ, ಆಡಿದ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳುವುದು ಇನ್ನೂ ಕಡಿಮೆ.

ಸುಸ್ತು ಎಂಬ ಮಾತಿನ ಬಗ್ಗೆ ಆಮೇಲೆ ಎಷ್ಟೋ ಯೋಚಿಸಿದ್ದೇನೆ. ನಮ್ಮ ಬೀದಿಯಲ್ಲಿ ಸುಸ್ತಿಲ್ಲದವರು ಯಾರಿದ್ದಾರೆ? ಹಾಲಿನವನಿಗೆ ಸುಸ್ತು, ಕೆಳಗಿನ ಮನೆ ಆಂಟಿಗೆ ಸುಸ್ತು, ಟ್ಯೂಷನ್ನಿಂದ ಬಂದ ಮಕ್ಕಳಿಗೂ ಸುಸ್ತು. ಜ್ವರ ಬಿಟ್ಟ ಮೇಲೆ ಸುಸ್ತು, ಮದುವೆಗೆ ಹೋಗಿ ಬಂದರೆ ಸುಸ್ತು, ಅತ್ತೆಯ ಮೇಲೆ ಕೋಪ ಬಂದರೂ ಸುಸ್ತೇ. ಇಷ್ಟೆಲ್ಲಕ್ಕೂ ಒಂದೇ ಮಾತು ಇರುವುದು ಅನುಕೂಲ. ಕೇಳಿದವರು ಹೌದೌದು ಎಂದು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗಬಹುದು. ನಾನೂ ಹಾಗೇ ಹೋದೆ.

ಸುಸ್ತಿಗೆ ನಮ್ಮ ಕಡೆಯ ಮದ್ದು ಎಲ್ಲರಿಗೂ ಗೊತ್ತಿರುವುದೇ. ಡ್ರಿಪ್ಸ್ ಹಾಕಿಸಿಕೊಳ್ಳುವುದು. ವಾರದ ರಜೆಯ ದಿನ ಇವರನ್ನು ಮೂಲೆಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. "ತುಂಬಾ ಸುಸ್ತು ಸಾರ್, ಒಂದ್ ಬಾಟ್ಲು ಹಾಕ್ಬಿಡಿ," ಎಂದು ಚೀಟಿ ಬರೆಯುವ ಮೊದಲೇ ನಾನೇ ಹೇಳಿದೆ. ಡಾಕ್ಟರು ಬಿ.ಪಿ. ನೋಡಿ, ನಾವು ಕೇಳಿದ್ದನ್ನು ಕೊಟ್ಟರು. ಇವರು ಅಲ್ಲಿನ ಮಂಚದ ಮೇಲೆ ಬಾಟಲಿ ಮುಗಿಯುವವರೆಗೆ ಕಣ್ಣು ಮುಚ್ಚಿ ಮಲಗಿದ್ದರು. ಎದ್ದಾಗ ಮುಖ ಗೆಲುವಾಗಿತ್ತು. ಬರುವಾಗ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದರು, ಗದ್ದ ಹಿಡಿಯದೆ ತಿಂದರು.

"ನೋಡ್ದ್ಯಾ, ಗ್ಲೂಕೋಸ್ ಎಂಥಾ ಕೆಲ್ಸ ಮಾಡ್ತು!" ಎಂದರು.

ಆಮೇಲೆ ಪ್ರತಿ ರಜೆಗೂ ಒಂದು ಬಾಟಲಿ. ಪ್ರತಿ ಸಲವೂ ಗೆಲುವಾಗಿ ಎದ್ದು ಬರುತ್ತಿದ್ದರು. ಕೆಲಸ ಮಾಡುತ್ತಿದ್ದದ್ದು ಬಾಟಲಿಯಲ್ಲ, ಅಷ್ಟು ಹೊತ್ತು ಅಲ್ಲಾಡದೆ ಮಲಗಿದ್ದದ್ದು. ಇವರ ಕಾಯಿಲೆಯೇ ಅಂಥದ್ದು: ಬಳಸಿದಷ್ಟೂ ಸೋಲುತ್ತದೆ, ಬಿಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಇದು ನಮಗೆ ತಿಳಿಯಲು ಎರಡು ಋತು ಕಳೆಯಿತು.

ಅಷ್ಟರಲ್ಲಿ ದನಿ ಕೆಟ್ಟಿತು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಎಂದಿನ ಗಂಟಲೇ. ಸಂಜೆಯ ಹೊತ್ತಿಗೆ ಸ್ಟಾಪುಗಳ ಹೆಸರು ಮೂಗಿನಲ್ಲಿ ಬರುತ್ತಿತ್ತು, ಆಮೇಲೆ ಅದೂ ತೊದಲುತ್ತಿತ್ತು. ರೆಪ್ಪೆ ಅರ್ಧ ಇಳಿದಿರುತ್ತಿತ್ತು. ಯಾರೋ ಪ್ರಯಾಣಿಕರು, ಕಂಡಕ್ಟರ್ ಕುಡಿದಿದ್ದಾನೆ ಎಂದು ಕಂಪ್ಲೇಂಟ್ ಕೊಟ್ಟರು. ಡಿಪೋದಲ್ಲಿ ಊದಿಸಿ ನೋಡಿದರು. ಏನೂ ಸಿಗಲಿಲ್ಲ. ಆದರೂ ಸ್ವಲ್ಪ ದಿನ ಮನೆಯಲ್ಲಿರು ಎಂದು ಕಳಿಸಿದರು. ಅದು ಹೇಗೋ ವಿಜಯನಗರದಲ್ಲಿರುವ ಇವರ ಅಕ್ಕನ ಕಿವಿಗೆ ಬಿತ್ತು. ಮಾರನೆಯ ದಿನವೇ ಬಂದವರು ನನ್ನನ್ನು ಅಡುಗೆಮನೆಗೆ ಕರೆದರು.

"ನಿಜ ಹೇಳೇ. ಕುಡೀತಾನಾ?"

"ಇಲ್ಲ ಅಕ್ಕ."

"ಮತ್ಯಾಕೆ ಹಾಗ್ ಮಾತಾಡ್ತಾನೆ?"

"ಸುಸ್ತಂತೆ," ಎಂದೆ.

ನನ್ನ ಬಾಯಿಗೂ ಆ ಮಾತೇ ಬಂತು. ಬೇರೆ ಮಾತು ನನ್ನ ಹತ್ತಿರ ಇರಲಿಲ್ಲ.

ಅಕ್ಕ ಹೋದ ಮೇಲೆ ಇವರು ನೀರು ಕುಡಿಯಲು ಲೋಟ ಎತ್ತಿದರು.

ನೀರು ಮೂಗಿನಿಂದ ಹೊರಗೆ ಬಂತು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಇವರ ತಲೆ ಮುಂದಕ್ಕೆ ಬಾಗುತ್ತಿತ್ತು. ಹಣೆಗೆ ನನ್ನ ಅಂಗೈ ಕೊಟ್ಟು ಹಿಡಿದುಕೊಂಡೆ. ನನಗೆ ಭಯವಾಯಿತೇ ಎಂದು ಈಗ ಅಕ್ಕ ಕೇಳುತ್ತಾರೆ. ಆಗಲಿಲ್ಲ. ಏನೂ ಆಗಲಿಲ್ಲ. ನಾಯಂಡಹಳ್ಳಿ ಫ್ಲೈಓವರ್ ಕೆಳಗೆ ಹೂ ಮಾರುವವಳು ಸೇವಂತಿಗೆ ಅಳೆಯುತ್ತಿದ್ದಳು. ಅದನ್ನೇ ನೋಡುತ್ತಿದ್ದೆ.

ದೊಡ್ಡ ಆಸ್ಪತ್ರೆಯ ನ್ಯೂರಾಲಜಿ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಏನು ತೊಂದರೆ ಎಂದಾಗ ಇಬ್ಬರೂ ಒಟ್ಟಿಗೆ ಹೇಳಿದೆವು, ಸುಸ್ತು ಎಂದು. ಅವರು ಪೆನ್ನು ಕೆಳಗಿಟ್ಟರು.

"ಸುಸ್ತು ಅಂದ್ರೆ ಏನು ಹೇಳಿ. ನಿದ್ದೆ ಬರತ್ತಾ? ಮೈ ನೋವಾ? ಬೇಜಾರಾ? ಇಲ್ಲಾ, ಮಾಡ್ಬೇಕು ಅಂತ ಮನಸ್ಸಿದ್ರೂ ಮೈ ಕೇಳಲ್ವಾ?"

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ನಾನಂತೂ ಕೇಳಿರಲಿಲ್ಲ. ಇವರು "ಕೊನೇದು ಮೇಡಂ," ಎಂದರು, ಮೂಗಿನಲ್ಲಿ.

ಮೇಲೆ ಚಾವಣಿಯನ್ನು ನೋಡುತ್ತಾ ಇರಿ ಎಂದರು ಡಾಕ್ಟರು. ನೋಡುತ್ತಿದ್ದ ಹಾಗೆಯೇ ಇವರ ಎರಡೂ ರೆಪ್ಪೆಗಳು ನಿಧಾನವಾಗಿ ಕೆಳಗಿಳಿದವು, ಅಂಗಡಿ ಶಟರ್ ಇಳಿದ ಹಾಗೆ. ಆಮೇಲೆ ಕೈಗವಸಿನಲ್ಲಿ ಐಸ್ ತುಂಬಿ ಒಂದು ಕಣ್ಣಿನ ಮೇಲೆ ಇಟ್ಟರು. ತೆಗೆದಾಗ ಆ ಒಂದು ರೆಪ್ಪೆ ಮೇಲೆದ್ದಿತ್ತು. ಐಸ್ ಇಟ್ಟರೆ ಏಳುವ ಕಣ್ಣು! ನಾನು ಬೆಪ್ಪಾಗಿ ನೋಡಿದೆ. ಕೊನೆಗೆ ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಎಣಿಸಿ ಎಂದರು. ಇವರು ಎಣಿಸಲು ಶುರು ಮಾಡಿದರು. ಹತ್ತರ ಒಳಗೇ ನಿಂತರು.

ಡಾಕ್ಟರು ಫೋನ್ ತೆಗೆದುಕೊಂಡು ಐ.ಸಿ.ಯು.ನಲ್ಲಿ ಬೆಡ್ ಕೇಳಿದರು.

ಮಯಸ್ತೇನಿಯಾ ಗ್ರಾವಿಸ್. ಹೆಸರು ಬಾಯಿಗೆ ಹಿಡಿಯಲು ನನಗೆ ಮೂರ್ನಾಲ್ಕು ದಿನ ಬೇಕಾಯಿತು. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ತಲುಪುವುದಿಲ್ಲ, ಉಸಿರಾಡುವ ಸ್ನಾಯುಗಳೂ ಸೋಲುತ್ತಿವೆ, ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಮಾತು ಹೊರಡುತ್ತದೆ, ಹೋಗಬೇಕಾದ ಕಡೆ ಅರ್ಧಂಬರ್ಧ ಮುಟ್ಟುತ್ತದೆ. ಕೇಳಿ ನನಗೆ ನಮ್ಮ ಮನೆಯೇ ನೆನಪಾಯಿತು.

ವೆಂಟಿಲೇಟರ್ ಹಾಕಿದರು. ರಕ್ತದ ನೀರಿನಂಶ ತೆಗೆದು ಬೇರೆ ತುಂಬುವ ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಿದರು. ನಾನು ಹೊರಗೆ ಕುರ್ಚಿಯಲ್ಲಿ ಕೂತು, ಒಪ್ಪಿಕೊಂಡಿದ್ದ ಮದುವೆ ಸೀರೆಗೆ ಕುಚ್ಚು ಹಾಕಿದೆ. ಪಕ್ಕದಲ್ಲಿ ಕೂತವರು ವಿಚಿತ್ರವಾಗಿ ನೋಡುತ್ತಿದ್ದರು. ನೋಡಲಿ. ಕೈಗೆ ಕೆಲಸ ಗೊತ್ತಿತ್ತು, ಮಾಡಿತು. ಅಳು ಬರಲಿಲ್ಲ, ದೇವರ ನೆನಪೂ ಬರಲಿಲ್ಲ. ಯಾರದೋ ಮನೆಯ ವಿಷಯವನ್ನು ನನಗೆ ಹೇಳುತ್ತಿದ್ದಾರೆ ಎಂಬಂತೆ ಡಾಕ್ಟರ ಮಾತು ಕೇಳುತ್ತಿದ್ದೆ. ಅಕ್ಕ ದಿನಾ ಫೋನ್ ಮಾಡಿ, "ಹೇಗಿದಾನೆ?" ಎನ್ನುತ್ತಿದ್ದರು. "ಪರವಾಗಿಲ್ಲ," ಎನ್ನುತ್ತಿದ್ದೆ. ಗಂಟಲಿನಲ್ಲಿ ಪೈಪ್ ಇದ್ದ ದಿನವೂ ಪರವಾಗಿಲ್ಲ, ಪೈಪ್ ತೆಗೆದ ದಿನವೂ ಪರವಾಗಿಲ್ಲ. ಆ ಮಾತನ್ನು ದೂರುವುದಿಲ್ಲ. ಒಂದು ಮಾತಿಗೇ ಫೋನ್ ಇಡಬಹುದಿತ್ತು. ನಡೆದದ್ದನ್ನೆಲ್ಲ ಸರಿಯಾಗಿ ಬಿಡಿಸಿ ಹೇಳಲು ಹೋಗಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆನೋ ಏನೋ.

ಡಿಸ್ಚಾರ್ಜ್ ಮಾಡುವಾಗ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ಇದು ಪೂರ್ತಿ ಹೋಗುವ ಕಾಯಿಲೆಯಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಶೀತ ಕೆಮ್ಮು ಬಂದರೆ ಎಚ್ಚರ, ಮತ್ತೆ ಉಸಿರಿಗೆ ತೊಂದರೆ ಬರಬಹುದು.

"ಹೇಗಿದೀರಾ ಅಂತ ಕೇಳ್ಬೇಡಿ ಅಮ್ಮ. ಇವ್ರು ಚೆನ್ನಾಗಿದೀನಿ ಅಂತಾರೆ. ಬೆಳಿಗ್ಗೆ ಸಂಜೆ ಒಂದೇ ಉಸಿರಲ್ಲಿ ಎಣಿಸ್ಬೇಕು. ಕಮ್ಮಿ ಆಗ್ತಾ ಬಂದ್ರೆ ಕಾಯ್ಬೇಡಿ, ಬಂದ್ಬಿಡಿ."

ಮನೆಗೆ ಬಂದ ಮೊದಲ ದಿನವೇ ಇವರು ತಕರಾರು ತೆಗೆದರು. ಜೀವಮಾನವೆಲ್ಲ ಚಿಲ್ಲರೆ ಎಣಿಸಿ, ತಲೆ ಎಣಿಸಿ ಆಯಿತು, ಇನ್ನು ಉಸಿರನ್ನೂ ಎಣಿಸಬೇಕಾ? ಮುಖ ತಿರುಗಿಸಿ ಮಲಗಿದರು. ನನಗೂ ಸಿಟ್ಟು ಬಂತು.

"ಎಣಿಸ್ಬೇಡಿ. ಸ್ಟಾಪ್ ಕೂಗಿ. ಅದಾದ್ರೂ ಬರತ್ತಲ್ಲ!"

ಸುಮ್ಮನೆ ರೇಗಿ ಅಂದದ್ದು. ಆದರೆ ಇವರು ತಿರುಗಿದರು. ಎದ್ದು ಕೂತು, ಉಸಿರೆಳೆದುಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ನಿಂತವರ ಹಾಗೆ ಶುರು ಮಾಡಿದರು: "ಕೆಂಗೇರಿ, ಉಪನಗರ, ಜ್ಞಾನಭಾರತಿ, ಆರ್ಚ್, ನಾಯಂಡಹಳ್ಳಿ, ದೀಪಾಂಜಲಿನಗರ, ಬ್ಯಾಟರಾಯನಪುರ..."

ಉಸಿರು ಮುಗಿಯಿತು. ನಾವಿಬ್ಬರೂ ಸ್ವಲ್ಪ ನಕ್ಕೆವು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು.

ಅಂದಿನಿಂದ ಅದೇ ನಮ್ಮ ಲೆಕ್ಕ. ಬೆಳಿಗ್ಗೆ ಬಸ್ಸು ಸಿರ್ಸಿ ಸರ್ಕಲ್ ದಾಟುತ್ತಿತ್ತು, ಸಂಜೆ ಅದಕ್ಕೂ ಮೊದಲು, ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಹತ್ತಿರ ನಿಲ್ಲುತ್ತಿತ್ತು. ಒಂದೆರಡು ಸಲ ಬೆಳಿಗ್ಗೆ ಮಾರ್ಕೆಟ್ಟಿನವರೆಗೂ ಹೋಗಿ ಬಂದದ್ದುಂಟು. ಡಾಕ್ಟರಿಗೆ ಹೇಳಿದಾಗ ಅವರೂ ನಕ್ಕು, "ಅದೂ ಆಗತ್ತೆ, ದಿನಾ ಒಂದೇ ಥರ ಹೇಳ್ಸಿ," ಎಂದರು. ಸುಸ್ತು, ಪರವಾಗಿಲ್ಲ, ಸ್ವಲ್ಪ ಹಂಗೇ ಇದೆ — ಈ ಮಾತುಗಳೆಲ್ಲ ಎಲ್ಲಿಗೆ ಬೇಕಾದರೂ ಹೋಗುವ ಮಾತುಗಳು. ನಾಯಂಡಹಳ್ಳಿ ಮಾತ್ರ ನಾಯಂಡಹಳ್ಳಿಯಲ್ಲೇ ಇರುತ್ತದೆ. ನನಗೆ ನಂಬಿಕೆ ಬಂದುಬಿಟ್ಟಿತ್ತು.

ಹೋದ ತಿಂಗಳು ಇವರಿಗೆ ಕೆಮ್ಮು ಶುರುವಾಯಿತು.

ಮೂರನೆಯ ದಿನ ಸಂಜೆ ಅಕ್ಕ ಬಂದಿದ್ದರು. ಕಾಫಿ ಕೊಟ್ಟು, "ಕೂಗಿ," ಎಂದೆ. ಅಕ್ಕನ ಮುಂದೆ ನಾಚಿಕೆಯೇನೋ ಎಂದುಕೊಂಡೆ, ಬೇಗ ಬೇಗ ಕೂಗಿ ಸ್ಯಾಟಲೈಟಿಗೆ ತಂದು ನಿಲ್ಲಿಸಿದರು. ಎಂದಿನ ಜಾಗವೇ. ಅಕ್ಕ ಚಪ್ಪಾಳೆ ತಟ್ಟಿದರು.

ನಾನು ಕುಚ್ಚು ಹಾಕುತ್ತಾ ಕೂತೆ. ಏನೋ ಸರಿಯಿಲ್ಲ ಎನಿಸುತ್ತಿತ್ತು. ಒಂದು ಗಂಟು ತಪ್ಪಿದರೆ ಸೀರೆ ಅಂಚು ನೋಡಿದಾಗ ಗೊತ್ತಾಗುವುದಿಲ್ಲ, ಕೈಯಾಡಿಸಿದಾಗ ಗೊತ್ತಾಗುತ್ತದೆ. ಹಾಗೆ ಮನಸ್ಸಿನಲ್ಲೇ ಇವರು ಕೂಗಿದ್ದರ ಮೇಲೆ ಇನ್ನೊಮ್ಮೆ ಹೋದೆ. ಕೆಂಗೇರಿ, ಆರ್ಚ್, ನಾಯಂಡಹಳ್ಳಿ, ಸ್ಯಾಟಲೈಟ್.

"ರೀ, ಉಪನಗರ ಎಲ್ಲಿ?"

ಇವರು ಗೋಡೆ ಕಡೆ ನೋಡಿದರು.

"ನಮ್ಮ ಸ್ಟಾಪೇ ಬರ್ಲಿಲ್ವಲ್ರೀ. ಯಾವ್ಯಾವ್ದು ಬಿಟ್ರಿ?"

"ಲಿಮಿಟೆಡ್ ಸ್ಟಾಪ್ ಕಣೇ ಇವತ್ತು," ಎಂದರು. ಮೂಗಿನಲ್ಲಿ ಬಂತು ದನಿ. ಸ್ವಲ್ಪ ಹೊತ್ತಾದ ಮೇಲೆ, "ನಂಗೆ ಆ ಪೈಪು ಬೇಡ. ಅಲ್ಲಿಗೆ ಹೋಗಲ್ಲ," ಎಂದರು.

ಇಷ್ಟು ದಿನ ಬಾರದ್ದು ಆಗ ಬಂತು. ಭಯ. ಹಿಡಿದ ಸೂಜಿ ಕೆಳಗೆ ಬಿತ್ತು. ಇವರ ಮೇಲೆ ಎಲ್ಲಿಲ್ಲದ ಕೋಪವೂ ಬಂತು, ಅದರ ಜೊತೆಗೇ ಅಯ್ಯೋ ಅನ್ನಿಸಿತು.

"ನಿಮ್ಗೆ ಪೈಪ್ ಬೇಡ, ಸರಿ. ನಾನು ಯಾವ ಸ್ಟಾಪಲ್ಲಿ ಇಳೀಲಿ? ಅದನ್ನ ಹೇಳಿ."

ಅಕ್ಕ ಆಗಲೇ ಕೆಳಗಿಳಿದು ಆಟೋ ಕರೆಯುತ್ತಿದ್ದರು. ಚಪ್ಪಲಿ ಹಾಕಿಕೊಳ್ಳಲು ಇವರು ತಾವಾಗಿಯೇ ಬಾಗಿದರು.

ಈ ಸಲ ಪೈಪು ಬೇಕಾಗಲಿಲ್ಲ. ಬೇಗ ಬಂದಿರಿ ಎಂದರು ಡಾಕ್ಟರು. ವಾರ್ಡಿನಲ್ಲೇ ಇಟ್ಟು ಪ್ಲಾಸ್ಮಾ ಎಕ್ಸ್‌ಚೇಂಜ್ ಮಾಡಿ ಕಳಿಸಿದರು. ಬೇಗ ಬಂದದ್ದು ಹೇಗೆ ಎಂದು ನಾನು ಹೇಳಲಿಲ್ಲ. ಗಂಡ ಹೆಂಡಿರ ವಿಷಯ ಅದು.

ಮನೆಗೆ ಬಂದು ಹತ್ತು ಹನ್ನೆರಡು ದಿನವಾಗಿದೆ. ಇವರಿಗೆ ಲೈಟ್ ಡ್ಯೂಟಿ ಕೊಡುವ ಮಾತಿದೆ, ಗೊತ್ತಿಲ್ಲ. ಒಂದೊಂದು ದಿನ ಚೆನ್ನಾಗಿರುತ್ತಾರೆ, ಒಂದೊಂದು ದಿನ ಇಲ್ಲ. ನನ್ನೊಳಗೆ ಇನ್ನೂ ಹೆಚ್ಚಿನ ಹೊತ್ತು ಏನೂ ಅನ್ನಿಸುವುದಿಲ್ಲ. ಅಡುಗೆ ಮಾಡುತ್ತೇನೆ, ಮಾತ್ರೆ ಕೊಡುತ್ತೇನೆ, ಕುಚ್ಚು ಹಾಕುತ್ತೇನೆ. ಯಾರಾದರೂ ಕೇಳಿದರೆ ಪರವಾಗಿಲ್ಲ ಎನ್ನುತ್ತೇನೆ. ಅವರಿಗೆ ಅಷ್ಟು ಸಾಕು, ನನಗೂ ಸಾಕು.

ಈಗ ಸಂಜೆ ಕೂಗುವಾಗ ನಾನು ಕೆಲಸ ಬಿಟ್ಟು ಎದುರಿಗೆ ಕೂರುತ್ತೇನೆ. ಕೆಂಗೇರಿ ಎನ್ನುತ್ತಾರೆ. ಉಪನಗರ ಎನ್ನುವಾಗ ನನ್ನ ಮುಖ ನೋಡುತ್ತಾರೆ. ನಾನು ತಲೆಯಾಡಿಸುತ್ತೇನೆ, ಬಸ್ಸು ಹತ್ತಿದೆ ಎಂದು. ಆಮೇಲೆ ಮುಂದಕ್ಕೆ ಹೋಗುತ್ತಾರೆ.

ನಿನ್ನೆಯೂ ಮೊನ್ನೆಯ ಹಾಗೆ ದೀಪಾಂಜಲಿನಗರದಲ್ಲೇ ನಿಂತರು. ಸ್ಯಾಟಲೈಟ್ ಇನ್ನೂ ಮುಂದಿತ್ತು. ಆದರೆ ಒಂದು ಸ್ಟಾಪೂ ಬಿಟ್ಟಿರಲಿಲ್ಲ.